ಎಲ್ಲಿ ಕತ್ತರಿಸಬೇಕು?

ನಮ್ಮೂರಲ್ಲಿ ಅಣ್ಣತಮ್ಮಂದಿರು ಪಾಲಾದರೆ ನಡುವೆ ಗೋಡೆ ಎಬ್ಬಿಸೋದು ವಾರದ ಕೆಲಸ. ಬೋರ್‌ವೆಲ್ ಒಂದೇ ಉಳಿದರೆ ಜಗಳ ಮಾತ್ರ ಹತ್ತು ವರ್ಷ. ಕೆಲವು ವರ್ಷಗಳ ಹಿಂದೆ ನಮ್ಮ ಟೀಮಲ್ಲೂ ಹೀಗೇ ಆಯ್ತು. ದೊಡ್ಡ ಅಪ್ಲಿಕೇಶನ್ ಒಡೆದು ಒಂಬತ್ತು ಮೈಕ್ರೋಸರ್ವೀಸ್ ಮಾಡಿದೆವು, ಡೇಟಾಬೇಸ್ ಮಾತ್ರ ಒಂದೇ. ಒಂದು ಸಂಜೆ ನಾನು ಒಂದು ಕಾಲಮ್ಮಿನ ಹೆಸರು ಬದಲಿಸಿದೆ. ಆರು ಸರ್ವೀಸ್ ಮಕಾಡೆ ಮಲಗಿದವು.

ಎಲ್ಲಿ ಎಡವಿದೆವು ಅಂತ ಹುಡುಕಿದಾಗ ಸಿಕ್ಕಿದ್ದು 1972ರ ಒಂದು ಪ್ರಬಂಧ. ಬರೆದವರು ಡೇವಿಡ್ ಪಾರ್ನಸ್. ಅವರು ತಗೊಂಡ ಉದಾಹರಣೆ ಚಿಕ್ಕದು: ಒಂದಿಷ್ಟು ಸಾಲುಗಳನ್ನು ಓದಬೇಕು, ಪ್ರತಿ ಸಾಲಿನ ಮೊದಲ ಪದವನ್ನು ಕೊನೆಗೆ ಸರಿಸುತ್ತಾ ಹೊಸ ಸಾಲುಗಳನ್ನು ಮಾಡಬೇಕು, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿ ಮುದ್ರಿಸಬೇಕು. ಇದನ್ನು ಅವರು ಎರಡು ರೀತಿ ಒಡೆದು ತೋರಿಸಿದರು. ಮೊದಲನೆಯದು ನಮ್ಮ ಥರ: ಓದೋದು, ಸರಿಸೋದು, ಜೋಡಿಸೋದು ಅಂತ ಹಂತಕ್ಕೊಂದು ಮಾಡ್ಯೂಲ್. ಆದರೆ ಸಾಲುಗಳನ್ನು ಮೆಮೊರಿಯಲ್ಲಿ ಇಟ್ಟ ರೀತಿ ಎಲ್ಲರಿಗೂ ಗೊತ್ತಿರಬೇಕು. ಅದು ಬದಲಾದರೆ ಎಲ್ಲವೂ ಬದಲಾಗಬೇಕು. ಎರಡನೆಯದರಲ್ಲಿ ಆ ಗುಟ್ಟು ಒಂದೇ ಮಾಡ್ಯೂಲಿನದು, ಉಳಿದವರು ಕೇಳಿ ಪಡೀಬೇಕು. ಮುಂದೆ ಬದಲಾಗಬಹುದಾದ ನಿರ್ಧಾರ ಯಾವುದೋ ಅದನ್ನು ಒಂದು ಕಡೆ ಮುಚ್ಚಿಡಿ ಅನ್ನೋದೇ ಪಾರ್ನಸ್ ಹೇಳಿದ ಸೂತ್ರ.

ಆಮೇಲಿನ ಕತೆ ನಿಮಗೆ ಗೊತ್ತಿರಬಹುದು. 2008ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸೋಕೇ ಆಗಲಿಲ್ಲ. ಅಲ್ಲಿಂದ ಕ್ಲೌಡ್ ಕಡೆ ಹೊರಟವರು ದೊಡ್ಡ ಅಪ್ಲಿಕೇಶನ್ನನ್ನು ನೂರಾರು ಸರ್ವೀಸುಗಳಾಗಿ ಬಿಡಿಸಿದರು. ಮುಗಿದದ್ದು 2016ರ ಜನವರಿಯಲ್ಲಿ. 2014ರಲ್ಲಿ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ ಈ ಪದ್ಧತಿಯ ಲಕ್ಷಣಗಳನ್ನು ಪಟ್ಟಿ ಮಾಡಿದರು. ಪ್ರತಿ ಸರ್ವೀಸ್ ತನ್ನ ಡೇಟಾ ತಾನೇ ನೋಡಿಕೊಳ್ಳೋದು ಅದರಲ್ಲೊಂದು. ನಾವು ಆ ಲೇಖನದ ಹೆಸರನ್ನು ಸ್ಲೈಡಿನಲ್ಲಿ ಹಾಕಿದ್ದೆವು, ಈ ಲಕ್ಷಣ ಮಾತ್ರ ಬಿಟ್ಟಿದ್ದೆವು.

ಹೀಗೆ ಒಡೆದರೆ ಮಾಡ್ಯೂಲುಗಳ ನಡುವೆ ಕರೆಗಳು ಜಾಸ್ತಿಯಾಗಿ ಪ್ರೋಗ್ರಾಂ ನಿಧಾನವಾಗಬಹುದು ಅಂತಲೂ ಪಾರ್ನಸ್ ಎಚ್ಚರಿಸಿದ್ದರು. ಅವರ ಕಾಲದಲ್ಲಿ ಆ ಕರೆ ಒಂದೇ ಯಂತ್ರದೊಳಗೆ. ನಮ್ಮದು ನೆಟ್‌ವರ್ಕ್ ದಾಟಬೇಕು, ಮಧ್ಯದಲ್ಲೇ ಬಿದ್ದೂ ಹೋಗಬಹುದು. ಹಾಗಾಗಿ ಸಿಕ್ಕಸಿಕ್ಕಲ್ಲಿ ಕತ್ತರಿಸಿದರೆ ಗೆದ್ದೆವು ಅಂತಲ್ಲ.

ಕೊನೆಗೆ ಒಂಬತ್ತನ್ನು ಸೇರಿಸಿ ನಾಲ್ಕು ಮಾಡಿದೆವು: ಬೆಲೆ, ದಾಸ್ತಾನು, ಪಾವತಿ, ಆರ್ಡರ್. ಪ್ರತಿಯೊಂದಕ್ಕೂ ತನ್ನದೇ ಟೇಬಲ್‌ಗಳು, ಇನ್ನೊಬ್ಬರು ಅದಕ್ಕೆ ಕೈ ಹಾಕೋ ಹಾಗಿಲ್ಲ. ಮೊದಲು ಒಂದೇ ಕ್ವೆರಿಯಲ್ಲಿ ಬರ್ತಿದ್ದ ರಿಪೋರ್ಟಿಗೆ ಈಗ ಮೂರು ಕಡೆ ಕೇಳಬೇಕು. ಮ್ಯಾನೇಜರ್ ಇನ್ನೂ ಗೊಣಗ್ತಾರೆ. ಆದರೆ ಕಳೆದ ತಿಂಗಳು ಬೆಲೆಯ ಟೇಬಲ್ ಪೂರ್ತಿ ಬದಲಿಸಿದೆ. ಉಳಿದ ಮೂರೂ ಟೀಮಿಗೆ ಅದು ಗೊತ್ತೇ ಆಗಲಿಲ್ಲ.