ಗೋಕುಲನಗರದ ಕನ್ನಡತಿಯರು

ಸಾಂಗಲಿ-ಮಿರಜೆಗಳಲ್ಲಿ ಕನ್ನಡ ನುಡಿ ಎಲ್ಲೆಲ್ಲಿ ಕೇಳಿಬರುವದೆಂದು ಯಾರಾದರೂ ಪ್ರಶ್ನಿಸಿದರೆ ನಾವು ಮಿರಜೆಯ ರೈಲು ನಿಲ್ದಾಣವನ್ನು ಹೇಳುತ್ತೇವೆ, 1894ರಲ್ಲಿ ಡಾ. ವಾನ್ಲೆಸ್ ಅವರು ಸ್ಥಾಪಿಸಿದ ಆಸ್ಪತ್ರೆಯನ್ನು ಹೇಳುತ್ತೇವೆ. ಜತ್ತ ತಾಲೂಕಿನ ಹಳ್ಳಿಗಳನ್ನಂತೂ ಅಭಿಮಾನದಿಂದ ಎಣಿಸುತ್ತೇವೆ. ಸಾಂಗಲಿಯ ಗೋಕುಲನಗರದ ಹೆಸರನ್ನು ಮಾತ್ರ ಯಾರೂ ಎತ್ತುವದಿಲ್ಲ. ದೇಹವಿಕ್ರಯದಿಂದ ಜೀವಿಸುವ ಸ್ತ್ರೀಯರ ಕೇರಿಯದು. ಅವರಲ್ಲಿ ಅನೇಕರು ಉತ್ತರ ಕರ್ನಾಟಕದಿಂದ ಬಂದವರು, ಮನೆಮಾತು ಕನ್ನಡವುಳ್ಳವರು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರೂ ಅವರಲ್ಲಿ ಉಂಟು. ದೇವದಾಸಿ ಪದ್ಧತಿಯನ್ನು ಮುಂಬಯಿ ಸರಕಾರವು 1934ರಲ್ಲಿಯೂ ಕರ್ನಾಟಕ ಸರಕಾರವು 1982ರಲ್ಲಿಯೂ ಕಾಯದೆಯಿಂದ ನಿಷೇಧಿಸಿದವು. ಮುತ್ತು ಕಟ್ಟಿಸಿಕೊಂಡಾಕೆಯ ಹೊಟ್ಟೆಗೆ ಮುಂದೇನು ಗತಿಯೆಂಬ ಪ್ರಶ್ನೆ ಅಷ್ಟರಿಂದ ಬಗೆಹರಿಯಲಿಲ್ಲ.

1992ರಲ್ಲಿ ಏಡ್ಸ್ ರೋಗದ ಭೀತಿ ಹಬ್ಬಿದ್ದಾಗ ಶ್ರೀಮತಿ ಮೀನಾ ಸರಸ್ವತಿ ಶೇಷು ಅವರು ಸಂಗ್ರಾಮ ಎಂಬ ಸಂಸ್ಥೆಯ ಮೂಲಕ ಇಲ್ಲಿ ಕಾರ್ಯವನ್ನಾರಂಭಿಸಿದರು. ಸಂಪದಾ ಗ್ರಾಮೀಣ ಮಹಿಳಾ ಸಂಸ್ಥೆಯೆಂಬುದು ಅದರ ಪೂರ್ಣ ನಾಮ. ಹೊರಗಿನಿಂದ ಬಂದು ಬುದ್ಧಿ ಹೇಳುವವರ ಮಾತಿಗೆ ಆ ಓಣಿಯಲ್ಲಿ ಬೆಲೆಯೆಲ್ಲಿಯದು? ಆದುದರಿಂದ ಅಲ್ಲಿಯ ಸ್ತ್ರೀಯರೇ ಕಾರ್ಯಕರ್ತೆಯರಾದರು. ಮನೆಮನೆಗೆ ನಿರೋಧಗಳನ್ನು ಹಂಚುವದು, ರೋಗಿಗಳೊಡನೆ ಆಸ್ಪತ್ರೆಗೆ ಹೋಗುವದು, ಪೋಲೀಸರು ಹಿಡಿದೊಯ್ದವಳ ಪರವಾಗಿ ಠಾಣೆಯ ಮೆಟ್ಟಿಲೇರುವದು, ಇವೆಲ್ಲ ಅವರ ಕೆಲಸಗಳು. ತಾನೇ ಠಾಣೆಯ ಹೆಸರಿಗೆ ನಡುಗುತ್ತಿದ್ದವಳು ಇನ್ನೊಬ್ಬಳಿಗಾಗಿ ಅಲ್ಲಿಗೆ ಹೋಗಿ ನಿಲ್ಲುವದೆಂದರೇನೆಂಬುದನ್ನು ವಾಚಕರು ಊಹಿಸಬಹುದು. ಈ ಪ್ರದೇಶದ ಏಡ್ಸ್ ಕಾರ್ಯಕರ್ತೆಯರು ಪೋಲೀಸರಿಂದ ಅನುಭವಿಸಿದ ಕಿರುಕುಳವು 2002ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಪ್ರಕಟಿಸಿದ ವರದಿಯಲ್ಲಿ ದಾಖಲಾಗಿದೆ.

1996ರಲ್ಲಿ ಈ ಸ್ತ್ರೀಯರು ತಮ್ಮದೇ ಸಂಘಟನೆಯನ್ನು ಕಟ್ಟಿಕೊಂಡು ಅದಕ್ಕೆ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತೆಂದು ಹೆಸರಿಟ್ಟರು. ಪಂಡಿತರಾದ ನಾವು ಉಚ್ಚರಿಸಲು ಹಿಂಜರಿಯುವ ಶಬ್ದವನ್ನು ಅವರು ತಮ್ಮ ಫಲಕದ ಮೇಲೆಯೇ ಬರೆಯಿಸಿದರು. ಇದು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣೆಯೊಬ್ಬಳು ಸೂಳೆ ಸಂಕವ್ವೆಯೆಂದೇ ಪ್ರಸಿದ್ಧಳು; ‘ನಿರ್ಲಜ್ಜೇಶ್ವರ’ ಅವಳ ಅಂಕಿತ. ಅವಳದೆಂದು ನಮಗುಳಿದಿರುವದು ಒಂದೇ ವಚನ. ಅದನ್ನು ನಾವು ತರಗತಿಯಲ್ಲಿ ಬಹುಕಾಲ ಪಾಠ ಮಾಡಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು.

2005ರಲ್ಲಿ ಸಂಸ್ಥೆಗೆ ಕಠಿಣ ಪರೀಕ್ಷೆಯೊದಗಿತು. ಏಡ್ಸ್ ನಿವಾರಣೆಗೆ ಅಮೇರಿಕೆಯ ಸರಕಾರದ ಧನವನ್ನು ಪಡೆಯುವವರು ವೇಶ್ಯಾವೃತ್ತಿಯನ್ನು ವಿರೋಧಿಸುವೆವೆಂದು ಬರೆದುಕೊಡಬೇಕೆಂಬ ಕರಾರಿತ್ತು. ಬರೆದುಕೊಟ್ಟರೆ ಜೊತೆಯಲ್ಲಿ ದುಡಿಯುತ್ತಿದ್ದ ಸ್ತ್ರೀಯರನ್ನೇ ನಿರಾಕರಿಸಿದಂತೆ. ಸಂಸ್ಥೆಯು ಆ ಧನವನ್ನು ಬಿಟ್ಟುಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಉದ್ಧಾರದ ಹೆಸರಿನಿಂದ ಗೋಕುಲನಗರದ ಮೇಲೆ ಪೋಲೀಸರ ದಾಳಿಯೂ ಆಯಿತು. ಎಳೆಯ ಹುಡುಗಿಯರನ್ನು ಈ ವೃತ್ತಿಗೆ ನೂಕುವದನ್ನು ಪರಿಷತ್ತೂ ವಿರೋಧಿಸುತ್ತದೆ. ಆದರೆ ಪ್ರಾಯಕ್ಕೆ ಬಂದವಳನ್ನು ಅವಳ ಇಚ್ಛೆ ಕೇಳದೆ ಎಳೆದೊಯ್ಯುವದು ಉದ್ಧಾರವಲ್ಲವೆಂಬುದು ಅದರ ವಾದ. ನಮಗೂ ಅದು ಸರಿಯೆನಿಸಿದೆ. 2022ರ ಮೇ 19ರಂದು ಸುಪ್ರೀಮ್ ಕೋರ್ಟು ಇಂಥ ಸ್ತ್ರೀಯರನ್ನು ಘನತೆಯಿಂದ ಕಾಣಬೇಕೆಂದು ಪೋಲೀಸರಿಗೆ ಸೂಚಿಸಿತು.

ಸಂಸ್ಥೆಯ ಕಾರ್ಯವು ಆ ಓಣಿಗಷ್ಟೇ ಸೀಮಿತವಲ್ಲ. ಜಿಲ್ಲೆಯ ಹಳ್ಳಿಗಳಲ್ಲಿ ಗಂಡನ ಹೊಡೆತಕ್ಕೆ ಸಿಕ್ಕ ಗೃಹಿಣಿಯರಿಗೂ ಅದು ನೆರವಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಗೆ ಆ ಓಣಿಯ ಬಾಲಕನೊಬ್ಬ ಬಂದನು. ಹಾಜರಿ ಪುಸ್ತಕಕ್ಕಾಗಿ ತಂದೆಯ ಹೆಸರನ್ನು ಕೇಳಿದೆವು. ಅವನು ತಲೆ ತಗ್ಗಿಸಿದನು. ನಾವು ಎಲ್ಲರೆದುರಿಗೇ ಎರಡನೆಯ ಸಲ ಕೇಳಿದೆವು. ಮರುದಿನ ಅವನ ಜೊತೆಗೆ ನಡುವಯಸ್ಸಿನ ಕಾರ್ಯಕರ್ತೆಯೊಬ್ಬರು ಬಂದು, “ಅವ್ವನ ಹೆಸರ ಬರಕೋರಿ ಸರ, ಅವನ್ನ ಸಾಕಾಕಿ ಅಕಿನ,” ಎಂದರು. ಅಚ್ಚ ಬೆಳಗಾವಿ ಕಡೆಯ ಕನ್ನಡ. ನಾವು ಬರೆದುಕೊಂಡೆವು. ಹುಡುಗನ ಕ್ಷಮೆ ಕೇಳಬೇಕೆಂದು ಆ ಹೊತ್ತಿನಲ್ಲಿ ತೋಚಲಿಲ್ಲ.

ಈ ಸಂಚಿಕೆಯ ಒಂದು ಪ್ರತಿಯನ್ನು ಗೋಕುಲನಗರಕ್ಕೂ ಕಳುಹಬೇಕೆಂದು ಸಂಘದ ಕಾರ್ಯದರ್ಶಿಗಳಲ್ಲಿ ವಿನಂತಿಸಿಕೊಂಡಿದ್ದೇವೆ. ಅವರು ಒಪ್ಪಿದ್ದಾರೆ.