ಕಬ್ಬಿಣದ ಊರಿನಿಂದ ಲಿನಕ್ಸ್ ಡ್ರೈವರ್‌ವರೆಗೆ

ನನ್ನದು ಡ್ರೈವರ್ ಬರೆಯುವ ಕೆಲಸ ಎಂದರೆ ನಮ್ಮೂರ ಹಿರಿಯರು ಈಗಲೂ ‘ಯಾವ ರೂಟಿನ ಬಸ್ಸಪ್ಪಾ?’ ಎನ್ನುತ್ತಾರೆ. ಅವರಿಗಾಗಿ ಮೊದಲೇ ಹೇಳಿಬಿಡುತ್ತೇನೆ: ಪ್ರಿಂಟರ್, ಕೀಬೋರ್ಡ್, ಕ್ಯಾಮೆರಾ ಒಂದೊಂದೂ ತನ್ನದೇ ಭಾಷೆ ಆಡುತ್ತದೆ. ಅದನ್ನು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ದುಭಾಷಿ ತಂತ್ರಾಂಶವೇ ಡ್ರೈವರ್.

ಇದರ ಚರಿತ್ರೆಯೂ ಒಂದು ಪ್ರಿಂಟರಿನ ಜಗಳದಿಂದ ಶುರುವಾಗುತ್ತದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಹಳೆಯದರಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ರಿಚರ್ಡ್ ಸ್ಟಾಲ್ಮನ್ ತಂತ್ರಾಂಶ ತಿದ್ದಿದ್ದರು. ಹೊಸದರ ಸೋರ್ಸ್ ಕೋಡ್ ಮಾತ್ರ ಕೇಳಿದರೂ ಸಿಗಲಿಲ್ಲ. ಆ ಕಹಿಯೂ ಸೇರಿ, 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ 21ರ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಸುಮಾರು 10 ಸಾವಿರ ಸಾಲುಗಳ ಲಿನಕ್ಸ್ ಹೊರತಂದರು. ಇಂದು ಅದು 3 ಕೋಟಿ ಸಾಲು ದಾಟಿದೆ. ಅರ್ಧಕ್ಕಿಂತ ಹೆಚ್ಚು ಡ್ರೈವರ್‌ಗಳೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಕೂಡ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೆ ಇಂಥ ಕೆಲಸ ನಮ್ಮವರಿಂದಲೂ ಆಗುತ್ತದೆಂದು ನನಗೆ ತೋರಿಸಿದ್ದು ಅದೇ.

ಶಿವಮೊಗ್ಗದಲ್ಲಿ ಬಿಇ ಓದುವಾಗ ಪಠ್ಯದಲ್ಲಿ ಆಪರೇಟಿಂಗ್ ಸಿಸ್ಟಮ್ ಇತ್ತು, ಡ್ರೈವರ್ ಬರೆಯುವುದು ಇರಲಿಲ್ಲ. ನನಗೆ ಗುರುವಾದದ್ದು ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಎಂಬ ಪುಸ್ತಕ. 1998ರಲ್ಲಿ ಅಲೆಸ್ಸಾಂಡ್ರೊ ರುಬಿನಿ ಬರೆದದ್ದು; 2005ರ ಮೂರನೇ ಆವೃತ್ತಿಯನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು. ಕನ್ನಡ ಮಾಧ್ಯಮದ ನನಗೆ ದಿನಕ್ಕೆ ಎರಡು ಪುಟ ಸಾಗಿದರೆ ಹೆಚ್ಚು. ಭದ್ರಾವತಿ ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಅರ್ಥ ಬರೆದುಕೊಳ್ಳುತ್ತಿದ್ದೆ. ಕರ್ನಲ್ ಎಂದರೆ ತಿರುಳು, ಇಂಟರಪ್ಟ್ ಎಂದರೆ ಬಾಗಿಲು ತಟ್ಟುವುದು. ಸಾಧನವು ಬಾಗಿಲು ತಟ್ಟಿದಾಗ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಬೇಗ ಮಾತು ಮುಗಿಸಿ ಹಿಂತಿರುಗಬೇಕು. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ಸಾಯುತ್ತದೆ. ಡ್ರೈವರ್ ಕೆಟ್ಟರೆ ಇಡೀ ಯಂತ್ರವೇ ನಿಂತುಬಿಡಬಹುದು. ನನ್ನ ಮೊದಲ ಮಾಡ್ಯೂಲ್ ಮಾಡಿದ್ದು ಇಷ್ಟೆ: ಕರ್ನಲ್‌ಗೆ ಸೇರುವಾಗ ಲಾಗ್‌ನಲ್ಲಿ ಒಂದು ಸಾಲು, ಹೊರಬರುವಾಗ ಇನ್ನೊಂದು. ಆ ಎರಡು ಸಾಲು ಕಂಡ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯೂ ಆಮೇಲೆ ಬಂದ ಕಾಗದ ಕಾರ್ಖಾನೆಯೂ ಊರಿನ ಎಷ್ಟೋ ಮನೆಗಳಿಗೆ ಅನ್ನ ಹಾಕಿವೆ. ಸದ್ದು ಕೇಳಿಯೇ ಯಾವ ಬೇರಿಂಗ್ ಕೆಡಲಿದೆ ಎಂದು ಅಪ್ಪ ಹೇಳುತ್ತಿದ್ದರು. ಶಿಫ್ಟಿನಿಂದ ಶಿಫ್ಟಿಗೆ ಬಾಯಿಮಾತಿನಲ್ಲೇ ದಾಟಿದ ಈ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಲಿನಕ್ಸ್‌ನಲ್ಲಾದರೋ 2005ರಿಂದ ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವರ ಹೆಸರು ಮತ್ತು ಕಾರಣದ ಸಮೇತ ಗಿಟ್‌ನಲ್ಲಿ ದಾಖಲಾಗಿದೆ. ಓದಿದಾಗಲೆಲ್ಲ ಅಪ್ಪನ ಜೊತೆಗಾರರು ನೆನಪಾಗುತ್ತಾರೆ.

ಈಗ ರಜೆಗೆ ಬಂದಾಗ ಅಪ್ಪನನ್ನು ಕೂರಿಸಿಕೊಂಡು ಕೇಳಿ ಬರೆಯುತ್ತಿದ್ದೇನೆ. ಬೇರಿಂಗ್‌ನ ಸದ್ದಿನ ಬಗ್ಗೆಯೇ ಹದಿನಾಲ್ಕು ಪುಟವಾಗಿದೆ. ಬಸ್ಸಿನಲ್ಲಿ ಬರೆದ ಹಳೆಯ ನೋಟ್‌ಬುಕ್ಕನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಅಕ್ಷರ ಚೆನ್ನಾಗಿಲ್ಲ, ಬಸ್ಸಿನ ಕುಲುಕಾಟ.