ದೇಹವಿಲ್ಲದ ಕಲ್ಲು, ಕಲ್ಲಿಲ್ಲದ ದೇಹ

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರೀಸ್ ಚರ್ಚಿಗೆ ಬರುವವರು ಸಾಮಾನ್ಯವಾಗಿ ಮೊದಲು ತಲೆಯೆತ್ತಿ ಗೋಪುರ ನೋಡುತ್ತಾರೆ. ಹಳೆಯ ಸಮಾಧಿಗಳ ಹುಚ್ಚು ಹತ್ತಿದವರು ಮಾತ್ರ ತಲೆ ತಗ್ಗಿಸಿ ನಡೆಯುತ್ತಾರೆ. 1680ರಲ್ಲಿ ಪ್ರಾರ್ಥನೆಗೆ ತೆರೆದ ಈ ಚರ್ಚಿನ ಅಂಗಳಕ್ಕೆ ಹಾಸಿರುವುದು ಮಾಮೂಲಿ ಚಪ್ಪಡಿಗಳಲ್ಲ, ಗೋರಿಗಳ ಮೇಲಿನ ಕಲ್ಲುಗಳು. ನೂರರಷ್ಟಿರುವ ಈ ಕಲ್ಲುಗಳ ಮೇಲೆ ಲ್ಯಾಟಿನ್, ಇಂಗ್ಲಿಷ್, ಪೋರ್ಚುಗೀಸ್, ಅರ್ಮೇನಿಯನ್ ಅಕ್ಷರಗಳಿವೆ. ಅವುಗಳಲ್ಲೊಂದು ಆ್ಯರನ್ ಬೇಕರ್ ಎಂಬ ಕಂಪನಿ ಅಧಿಕಾರಿಯ ಹೆಂಡತಿ ಎಲಿಜಬೆತ್‌ಳದು. ಕಾಲ 1652. ಭಾರತದಲ್ಲಿ ಉಳಿದಿರುವ ಅತಿ ಹಳೆಯ ಇಂಗ್ಲಿಷ್ ಸಮಾಧಿಲೇಖಗಳಲ್ಲಿ ಅದೂ ಒಂದು.

ಚರ್ಚಿಗಿಂತ ಅದರ ಅಂಗಳದ ಕಲ್ಲಿಗೇ ಇಪ್ಪತ್ತೆಂಟು ವರ್ಷ ಹೆಚ್ಚು ವಯಸ್ಸು. ಲೆಕ್ಕ ತಪ್ಪಿಲ್ಲ. ಆ ಕಲ್ಲು ಹುಟ್ಟಿದ ಜಾಗ ಇದಲ್ಲ. ಅಂಗಳದ ಈ ಹಾಸುಗಲ್ಲುಗಳ ಕೆಳಗೆ, ಅವು ಹೆಸರಿಸುವ ಮನುಷ್ಯರಿಲ್ಲ.

ಕಂಪನಿಯವರ ಮೊದಲ ಸ್ಮಶಾನ ಇದ್ದದ್ದು ಕೋಟೆಯ ಹೊರಗೆ, ಉತ್ತರಕ್ಕೆ, ಈಗ ಹೈಕೋರ್ಟು ಮತ್ತು ಹಳೆಯ ಕಾನೂನು ಕಾಲೇಜು ಇರುವ ಆವರಣದಲ್ಲಿ. ಅಲ್ಲಿನ ಗೋರಿಗಳು ಎತ್ತರವಾಗಿದ್ದವು, ಮನೆಗಳಂತೆ ದಪ್ಪ ಗೋಡೆಯವಾಗಿದ್ದವು. 1758ರ ಕೊನೆಯಲ್ಲಿ ಫ್ರೆಂಚ್ ಸೇನಾನಿ ಲಾಲಿ ಮದ್ರಾಸಿಗೆ ಮುತ್ತಿಗೆ ಹಾಕಿದಾಗ ಅವನ ಸೈನಿಕರಿಗೆ ಈ ಗೋರಿಗಳೇ ಮರೆಯಾದವು. ಸತ್ತ ಇಂಗ್ಲಿಷರ ಬೆನ್ನ ಹಿಂದೆ ಅಡಗಿ ಬದುಕಿದ್ದ ಇಂಗ್ಲಿಷರ ಮೇಲೆ ಗುಂಡು ಹಾರಿಸಿದ ಹಾಗಾಯಿತು. ಮುತ್ತಿಗೆ ಮುಗಿದ ಮೇಲೆ ಕಂಪನಿ ಆ ತಪ್ಪನ್ನು ಇನ್ನೊಮ್ಮೆ ಮಾಡಲಿಲ್ಲ. ಗೋರಿಗಳನ್ನು ಕೆಡವಿತು, ಲೇಖವಿದ್ದ ಕಲ್ಲುಗಳನ್ನಷ್ಟೇ ಎಬ್ಬಿಸಿ ತಂದು ಚರ್ಚಿನ ಸುತ್ತ ಹಾಸಿತು. ಮೂಳೆಗಳು ಇದ್ದಲ್ಲೇ ಉಳಿದವು.

ಕೆಡವದೆ ಬಿಟ್ಟ ಬೆರಳೆಣಿಕೆಯ ಗೋರಿಗಳಲ್ಲಿ ಜೋಸೆಫ್ ಹಿನ್ಮರ್ಸ್ ಎಂಬವನದೂ ಒಂದು. ಅವನು 1680ರಲ್ಲಿ ತೀರಿಕೊಂಡ. ಅದೇ ವರ್ಷ ಅವನ ವಿಧವೆ ಕ್ಯಾಥರೀನ್‌ಳನ್ನು ಮದುವೆಯಾದವನು ಎಲಿಹು ಯೇಲ್. ಮುಂದೆ ಮದ್ರಾಸಿನ ಗವರ್ನರ್ ಆದವನು, ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನು ಇವನೇ. ಆ ದಂಪತಿಯ ಪುಟ್ಟ ಮಗ ಡೇವಿಡ್ ಸತ್ತಾಗ ಅವನನ್ನೂ ತಾಯಿಯ ಮೊದಲ ಗಂಡನ ಗೋರಿಯಲ್ಲೇ ಇಟ್ಟರು. ಸೂಜಿಮೊನೆಯಂತೆ ಮೇಲೆದ್ದ ಆ ಗೋರಿ ಅಲ್ಲೇ ಇರುವುದರಿಂದ, ಹಳೆಯ ಸ್ಮಶಾನ ಎಲ್ಲಿತ್ತು ಎಂಬುದಕ್ಕೆ ಇಂದಿಗೂ ಒಂದು ಗುರುತಿದೆ.

ಚರ್ಚಿನಂಗಳಕ್ಕೆ ಬಂದ ಕಲ್ಲುಗಳಿಗೆ ಅಲ್ಲೂ ನೆಮ್ಮದಿ ಸಿಗಲಿಲ್ಲ. ಎರಡನೇ ಮೈಸೂರು ಯುದ್ಧದಲ್ಲಿ ಹೈದರ್ ಅಲಿಯ ಕುದುರೆಪಡೆ ಮದ್ರಾಸಿನ ಸುತ್ತಮುತ್ತಲ ಸೀಮೆಯನ್ನು ಸುಡುತ್ತಿದ್ದ ಕಾಲದಲ್ಲಿ, 1782ರಲ್ಲಿ, ಕೋಟೆಯ ಫಿರಂಗಿಗಳನ್ನು ನಿಲ್ಲಿಸಲು ಗಟ್ಟಿ ಹಾಸು ಬೇಕಾಯಿತು. ಮತ್ತೆ ಗೋರಿಕಲ್ಲುಗಳನ್ನೇ ಎಬ್ಬಿಸಿದರು. ಯುದ್ಧ ಮುಗಿದು ಕಲ್ಲುಗಳು ಅಂಗಳಕ್ಕೆ ಮರಳುವ ಹೊತ್ತಿಗೆ ಅವುಗಳಲ್ಲಿ ಕೆಲವು ಮುಕ್ಕಾಗಿದ್ದವು.

ಅದೇ 1782, ಅದೇ ಯುದ್ಧ. ಶ್ರೀರಂಗಪಟ್ಟಣದಲ್ಲಿ ಇದರ ತಿರುಗುಮುರುಗು ನಡೆದಿತ್ತು.

ಕರ್ನಲ್ ವಿಲಿಯಂ ಬೇಯ್ಲಿ 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕೈಗೆ ಸೋತು ಸಿಕ್ಕಿದ. ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಬಂದು 1782ರ ನವೆಂಬರ್ 13ರಂದು ಅಲ್ಲೇ ಸತ್ತ. ಅವನನ್ನು ಸೋಲಿಸಿದ ಹೈದರ್ ಕೂಡ ತಿಂಗಳು ತುಂಬುವ ಮೊದಲೇ, ಡಿಸೆಂಬರ್ 7ರಂದು, ಕಣ್ಣುಮುಚ್ಚಿದ. ಪಟ್ಟಣಕ್ಕೆ ಹೋದವರೆಲ್ಲ ಬೇಯ್ಲಿಯನ್ನು ಎರಡು ಕಡೆ ನೋಡಿ ಬಂದಿರುತ್ತಾರೆ: ಅವನ ಹೆಸರಿನ ಬಂದೀಖಾನೆಯಲ್ಲಿ ಮತ್ತು ದರಿಯಾ ದೌಲತ್‌ನ ಗೋಡೆಚಿತ್ರದಲ್ಲಿ. ಚಿತ್ರದಲ್ಲಿ ಅವನು ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಮೂರನೆಯ ಜಾಗಕ್ಕೆ ಹೋಗುವವರು ಕಡಿಮೆ. ಹೈದರ್, ಅವನ ಹೆಂಡತಿ ಮತ್ತು ಟಿಪ್ಪು ಮಲಗಿರುವ ಗುಂಬಜ್‌ನ ಆವರಣದ ಹತ್ತಿರವೇ ಬೇಯ್ಲಿಯ ಸ್ಮಾರಕವಿದೆ.

ಅದರ ಮೇಲಿನ ಲೇಖವನ್ನು ತಾಳ್ಮೆಯಿಂದ ಓದಿದರೆ ಒಂದು ಇಸವಿ ಕಣ್ಣಿಗೆ ಬೀಳುತ್ತದೆ: 1816. ಸತ್ತ ಮೂವತ್ತನಾಲ್ಕು ವರ್ಷಗಳ ಮೇಲೆ, ಟಿಪ್ಪು ಬಿದ್ದ ಹದಿನೇಳು ವರ್ಷಗಳ ಮೇಲೆ, ಲಖನೌದಲ್ಲಿ ಕಂಪನಿಯ ರೆಸಿಡೆಂಟ್ ಆಗಿ ದೊಡ್ಡ ಮನುಷ್ಯನಾಗಿದ್ದ ಅಣ್ಣತಮ್ಮಂದಿರ ಮಗ ಜಾನ್ ಬೇಯ್ಲಿ ಕಟ್ಟಿಸಿದ್ದು ಇದು. ಸೆರೆಯಲ್ಲಿ ಸತ್ತ ಸೋತವನಿಗೆ ಗೆದ್ದವರ ಸಮಾಧಿಯ ಪಕ್ಕದಲ್ಲೇ ಕಂಬಗಳ ಮಂಟಪ ಏಳಿಸುವುದು 1782ರಲ್ಲಿ ಆಗುವ ಮಾತಾಗಿರಲಿಲ್ಲ. ಹಾಗಾಗಿ ಆ ಕಟ್ಟಡ ಬೇಯ್ಲಿಯ ಸಾವಿನ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ 1816ರ ಕಂಪನಿಯ ಬಗ್ಗೆ ಹೇಳುತ್ತದೆ.

ಒಂದೇ ವರ್ಷದಲ್ಲಿ ಮದ್ರಾಸಿನಲ್ಲಿ ದೇಹವಿಲ್ಲದ ಕಲ್ಲುಗಳು ಫಿರಂಗಿ ಹೊರುತ್ತಿದ್ದವು, ಶ್ರೀರಂಗಪಟ್ಟಣದಲ್ಲಿ ಒಂದು ದೇಹ ಕಲ್ಲಿಗಾಗಿ ಕಾಯತೊಡಗಿತ್ತು. ಹಳೆಯ ಸ್ಮಶಾನಗಳನ್ನು ಸುತ್ತುವವರು ಮೊದಲು ಕಲಿಯಬೇಕಾದ ಪಾಠ ಈ ಎರಡು ಊರುಗಳಲ್ಲಿದೆ. ಗೋರಿಕಲ್ಲು ಇದ್ದ ಜಾಗವೂ ಅದರ ಕಾಲವೂ ಸತ್ತವನ ಜಾಗ ಮತ್ತು ಕಾಲವೇ ಆಗಿರಬೇಕಿಲ್ಲ. ಕಲ್ಲು ಬದುಕಿದ್ದವರ ಮಾತು.

ಇಂಥ ಜಾಗಗಳಿಗೆ ಗುಂಪು ಕಟ್ಟಿಕೊಂಡು ಹೋಗುವವರು ಅಪರೂಪ. ಇದು ಒಂಟಿಯಾಗಿ ಮಾಡುವ ಹವ್ಯಾಸ. ಒಂದು ಕಲ್ಲಿನ ಮುಂದೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂತು ಎಂಟೋ ಒಂಬತ್ತೋ ಎಂದು ಯೋಚಿಸುವವರ ಜೊತೆ ಇನ್ನೊಬ್ಬರು ಸಹನೆಯಿಂದ ಇರುವುದು ಕಷ್ಟ. ಮನೆಯವರಿಗೂ ಅರ್ಥ ಮಾಡಿಸುವುದು ಸುಲಭವಲ್ಲ. ನಮ್ಮಲ್ಲಿ ಸ್ಮಶಾನಕ್ಕೆ ಹೋಗುವುದು ಹೆಗಲು ಕೊಡಲು, ಹೋಗಿಬಂದ ಮೇಲೆ ಸ್ನಾನ. ಭಾನುವಾರ ಬೆಳಗ್ಗೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಗೊತ್ತುಗುರಿಯಿಲ್ಲದವರ ಗೋರಿ ನೋಡಲು ಹೋಗುವವರನ್ನು ಕಾವಲುಗಾರನೂ ಅನುಮಾನದಿಂದಲೇ ನೋಡುತ್ತಾನೆ.

ಆದರೆ ಭಾರತದ ಹಳೆಯ ಸ್ಮಶಾನಗಳ ಬಗ್ಗೆ ಇಂದು ಗೊತ್ತಿರುವುದರಲ್ಲಿ ಬಹುಪಾಲು ಇಂಥ ಒಂಟಿ ಓದುಗರು ಬರೆದಿಟ್ಟದ್ದೇ. ಕೊಲ್ಕತ್ತದಲ್ಲಿ 1848ರಲ್ಲೇ ಹೋಮ್ಸ್ ಆ್ಯಂಡ್ ಕಂಪನಿ 'ಬೆಂಗಾಲ್ ಆಬಿಚುಯರಿ' ಎಂಬ ದಪ್ಪ ಪುಸ್ತಕದಲ್ಲಿ ಸಮಾಧಿಲೇಖಗಳನ್ನು ಒಟ್ಟುಮಾಡಿತ್ತು. ಮದ್ರಾಸ್ ಪ್ರಾಂತ್ಯಕ್ಕೆ ಆ ಕೆಲಸ ಮಾಡಿದವರು ಐಸಿಎಸ್ ಅಧಿಕಾರಿ ಜೂಲಿಯನ್ ಜೇಮ್ಸ್ ಕಾಟನ್. ಅವರ ಪಟ್ಟಿ 1905ರಲ್ಲಿ ಅಚ್ಚಾಯಿತು. ಬಳ್ಳಾರಿಯಂಥ ದಂಡಿನ ಊರು ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದುದರಿಂದ ಕನ್ನಡ ನೆಲದ ಗೋರಿಗಳೂ ಆ ಕೆಲಸದ ವ್ಯಾಪ್ತಿಗೆ ಬಂದವು. ಹೈದರಾಬಾದ್ ನಿಜಾಮರ ಸೀಮೆಗೆ ಕ್ರಾಫ್ಟನ್ ಮಾಡಿದ ಪಟ್ಟಿ 1941ರಲ್ಲಿ ಬಂತು. ಕಾಟನ್ ಬರೀ ಹೆಸರು, ಇಸವಿ ಬರೆದು ಸುಮ್ಮನಾಗಲಿಲ್ಲ. ಆ ಮನುಷ್ಯ ಯಾರು, ಯಾವ ಜಗಳದಲ್ಲಿದ್ದ, ಯಾರ ಮಗಳನ್ನು ಮದುವೆಯಾದ ಎಂಬುದನ್ನೂ ಹುಡುಕಿ ಪಕ್ಕದಲ್ಲಿ ಟಿಪ್ಪಣಿ ಬರೆದರು.

ಈ ಪಟ್ಟಿಗಳ ಬೆಲೆ ಗೊತ್ತಾದದ್ದು ಕಲ್ಲುಗಳು ಹೋದ ಮೇಲೆ. ಕೊಲ್ಕತ್ತದ ಪಾರ್ಕ್ ಸ್ಟ್ರೀಟಿನಲ್ಲಿ ಒಂದು ಕಾಲಕ್ಕೆ ಎದುರುಬದುರಾಗಿ ಎರಡು ಸ್ಮಶಾನಗಳಿದ್ದವು. ದಕ್ಷಿಣದ್ದು 1767ರಲ್ಲಿ ತೆರೆದದ್ದು, ಇಂದಿಗೂ ಇದೆ. ಗಾರೆ ಇಟ್ಟಿಗೆಯ ಪಿರಮಿಡ್ಡುಗಳ ನಡುವೆ 1794ರಲ್ಲಿ ತೀರಿಕೊಂಡ ಸರ್ ವಿಲಿಯಂ ಜೋನ್ಸ್‌ನ ಎತ್ತರದ ಕಂಬವಿದೆ. ಹಿಂದೂ ಆಚಾರಗಳನ್ನು ಮೆಚ್ಚಿ 'ಹಿಂದೂ ಸ್ಟುವರ್ಟ್' ಎಂದೇ ಹೆಸರಾದ ಚಾರ್ಲ್ಸ್ ಸ್ಟುವರ್ಟ್‌ನ ದೇಗುಲದಂಥ ಗೋರಿಯಿದೆ. ಇಪ್ಪತ್ತೆರಡಕ್ಕೇ ಸತ್ತ ಕವಿ, ಮೇಷ್ಟ್ರು ಡಿರೋಜಿಯೊ ಅಲ್ಲಿದ್ದಾನೆ. ಸತ್ಯಜಿತ್ ರಾಯ್ ತಮ್ಮ ಪತ್ತೇದಾರ ಫೆಲೂದಾನನ್ನು ಒಮ್ಮೆ ಇಲ್ಲಿಗೇ ಕರೆತಂದರು. ಉತ್ತರದ ಸ್ಮಶಾನಕ್ಕೆ ಆ ಅದೃಷ್ಟವಿರಲಿಲ್ಲ. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಅದನ್ನು ಬಹುಮಟ್ಟಿಗೆ ತೆರವು ಮಾಡಿ ಮೇಲೆ ಕಟ್ಟಡಗಳನ್ನು ಕಟ್ಟಿದರು. ಕಾದಂಬರಿಕಾರ ಥ್ಯಾಕರೆಯ ತಂದೆ ರಿಚ್ಮಂಡ್ ಥ್ಯಾಕರೆಯನ್ನು 1815ರಲ್ಲಿ ಹೂಳಿದ್ದು ಅಲ್ಲಿ. ಆ ಸ್ಮಶಾನದಲ್ಲಿ ಯಾರಿದ್ದರು ಎಂದು ಈಗ ಕೇಳಬೇಕಾದ್ದು ಕಾಗದವನ್ನೇ.

1976ರಲ್ಲಿ ಥಿಯೋನ್ ವಿಲ್ಕಿನ್‌ಸನ್ ದಕ್ಷಿಣ ಏಷ್ಯಾದ ಇಂಥ ಸ್ಮಶಾನಗಳಿಗಾಗಿಯೇ ಒಂದು ಸಂಘ ಕಟ್ಟಿದರು. ಅದೇ ವರ್ಷ ಅವರ ಪುಸ್ತಕವೂ ಬಂತು. ಹೆಸರು 'ಟೂ ಮಾನ್ಸೂನ್ಸ್'. ಹಡಗಿಳಿದು ಬಂದ ಯುರೋಪಿನವನ ಆಯುಸ್ಸು ಇಲ್ಲಿ ಎರಡು ಮಳೆಗಾಲವಷ್ಟೇ ಎಂಬ ಕಂಪನಿ ಕಾಲದ ಗಾದೆಯಿಂದ ಬಂದ ಹೆಸರು ಅದು. ಊರೂರಿನ ಸದಸ್ಯರು ಬರೆದು, ಫೋಟೊ ತೆಗೆದು ಕಳಿಸಿದ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿ ಸೇರಿದವು. ಸಂಘದ ಪತ್ರಿಕೆಯ ಹೆಸರು 'ಚೌಕಿದಾರ್'. ಸ್ಮಶಾನದ ಕಾವಲುಗಾರನಿಗೆ ಸಂದ ಗೌರವ ಅದು.

ಕನ್ನಡ ನಾಡಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಮತ್ತೆ ಶ್ರೀರಂಗಪಟ್ಟಣವೇ. ಕಾವೇರಿಯ ದಂಡೆಯ ಮೇಲಿನ ಗ್ಯಾರಿಸನ್ ಸ್ಮಶಾನದಲ್ಲಿ 1799ರ ನಂತರ ಪಟ್ಟಣದಲ್ಲಿ ಬೀಡುಬಿಟ್ಟ ಸೈನ್ಯದ ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು ಇದ್ದಾರೆ. ಅವರಲ್ಲಿ ಇಂಗ್ಲಿಷರಲ್ಲದ ಹೆಸರುಗಳೂ ಬಹಳ. ಅವರು ದ ಮ್ಯೂರಾನ್ ರೆಜಿಮೆಂಟಿನವರು. 1781ರಲ್ಲಿ ಸ್ವಿಸ್ ಸೀಮೆಯ ನ್ಯೂಶಾಟೆಲ್‌ನ ಶಾರ್ಲ್ ದ ಮ್ಯೂರಾನ್ ಡಚ್ ಕಂಪನಿಗಾಗಿ ಕಟ್ಟಿದ ಬಾಡಿಗೆ ಪಡೆ ಇದು. ಸಿಲೋನಿನಲ್ಲಿದ್ದಾಗ, 1795ರಲ್ಲಿ, ಇಡೀ ಪಡೆಯೇ ಬ್ರಿಟಿಷರ ಕಡೆಗೆ ಬಂತು. ನಾಲ್ಕು ವರ್ಷಕ್ಕೆ ಟಿಪ್ಪುವಿನ ಕೋಟೆಯ ಮುಂದೆ ನಿಂತಿತ್ತು. ಕೋಟೆ ಬಿದ್ದ ಮೇಲೆ ಇವರನ್ನು ಸಾಲಾಗಿ ಮಲಗಿಸಿದ್ದು ಪಟ್ಟಣದ ಜ್ವರ. ಆ ಜ್ವರಕ್ಕೆ ಹೆದರಿಯೇ ಬ್ರಿಟಿಷರು 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ದಂಡುಪ್ರದೇಶದ ಹುಟ್ಟಿಗೆ ಕಾರಣ ಬೇಕಾದವರು ಈ ಸ್ಮಶಾನದಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಎರಡು ಶತಮಾನಗಳ ಮೇಲೆ, 2008ರ ಸುಮಾರಿಗೆ, ದ ಮ್ಯೂರಾನ್ ವಂಶದವರೇ ಸ್ವಿಟ್ಜರ್ಲೆಂಡಿನಿಂದ ಬಂದು ಈ ಗೋರಿಗಳ ದುರಸ್ತಿ ಮಾಡಿಸಿದರು. ಹೆಸರುಗಳು ಓದುವಂತೆ ಉಳಿದಿದ್ದಕ್ಕೇ ಅದು ಸಾಧ್ಯವಾಯಿತು.

ಓದುವಂತೆ ಉಳಿಸುವುದು ಅಷ್ಟು ಸುಲಭವಲ್ಲ. ಮಳೆನೀರಿಗೆ ಅಮೃತಶಿಲೆ ಸಕ್ಕರೆಯಂತೆ ಕರಗಿ ಅಕ್ಷರಗಳ ಅಂಚು ಮಾಯುತ್ತದೆ. ಗಾರೆ ಗೋರಿಯ ಬಿರುಕಿನಲ್ಲಿ ಅರಳಿಯ ಬೇರು ಇಳಿದರೆ ಕೆಲವೇ ವರ್ಷಗಳಲ್ಲಿ ಗೋರಿ ಸೀಳುತ್ತದೆ. ಅಕ್ಷರದ ಗುಳಿಗಳಲ್ಲಿ ತುಂಬಿದ್ದ ಸೀಸವನ್ನು ಕಿತ್ತು ಮಾರಿಕೊಳ್ಳುವವರಿದ್ದಾರೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜುವ, ತಂತಿ ಬ್ರಷ್ಷಿನಿಂದ ತಿಕ್ಕುವ ಅಭಿಮಾನಿಗಳೂ ಅಷ್ಟೇ ಹಾನಿ ಮಾಡುತ್ತಾರೆ. ಪಳಗಿದವರು ಕಲ್ಲನ್ನು ಮುಟ್ಟುವುದಿಲ್ಲ, ಬಿಸಿಲಿಗಾಗಿ ಕಾಯುತ್ತಾರೆ. ಕ್ರೈಸ್ತ ಗೋರಿಗಳು ಸಾಮಾನ್ಯವಾಗಿ ಪೂರ್ವ ಪಶ್ಚಿಮವಾಗಿರುವುದರಿಂದ ಕೆಲವು ಲೇಖಗಳಿಗೆ ಬೆಳಗಿನ ಬಿಸಿಲು ಒದಗುತ್ತದೆ, ಕೆಲವಕ್ಕೆ ಸಂಜೆಯದು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಸವೆದ ಅಕ್ಷರವೂ ನೆರಳು ಚೆಲ್ಲುತ್ತದೆ. ಬಿಸಿಲೇ ಬೀಳದ ಮೂಲೆಗೆ ಒಂದು ಸಾಧಾರಣ ಕನ್ನಡಿಯಿಂದ ಬೆಳಕು ಹಾಯಿಸಿದರೆ ಕೆಲಸ ಆಗುತ್ತದೆ.

ಮದ್ರಾಸಿನ ಕಲ್ಲುಗಳ ಕಥೆ ಗೊತ್ತಿದ್ದವರು ಇನ್ನೊಂದು ಎಚ್ಚರ ವಹಿಸುತ್ತಾರೆ. ಅಕ್ಷರಗಳ ಫೋಟೊ ಒಂದೇ ಸಾಲದು. ಇಡೀ ಗೋರಿ, ಅದರ ಎಡಬಲದ ಗೋರಿಗಳು, ಹಿಂದಿನ ಮರ ಅಥವಾ ಗೋಡೆ, ಎಲ್ಲವೂ ಚಿತ್ರದಲ್ಲಿ ಬರಬೇಕು. ಮುಂದೊಂದು ದಿನ ರಸ್ತೆ ಅಗಲಿಸಲು ಕಲ್ಲನ್ನು ಎಬ್ಬಿಸಿ ಎಲ್ಲೋ ಒರಗಿಸಿದರೆ, ಅದು ಎಲ್ಲಿತ್ತು, ಯಾರ ಪಕ್ಕದಲ್ಲಿತ್ತು ಎಂದು ಹೇಳುವುದು ಆ ಚಿತ್ರ ಮಾತ್ರ. ಗಂಡನ ಪಕ್ಕದಲ್ಲಿ ಒಂದೇ ವಾರದಲ್ಲಿ ಹೋದ ಮಗು ಇದೆ ಎಂಬುದನ್ನು ಒಂದು ಕಲ್ಲು ಹೇಳುವುದಿಲ್ಲ. ಎರಡು ಕಲ್ಲುಗಳ ನಡುವಿನ ಅಂತರ ಹೇಳುತ್ತದೆ.

ಎಷ್ಟು ಎಚ್ಚರದಿಂದ ತೆಗೆದರೂ ಆ ಚಿತ್ರಗಳಲ್ಲಿ ಬಾರದವರೇ ಹೆಚ್ಚು. ಪೊಳ್ಳಿಲೂರಿನಲ್ಲಿ ಬೇಯ್ಲಿಯ ಪಡೆಯ ಬಹುಪಾಲು ಮಂದಿ ಭಾರತೀಯ ಸಿಪಾಯಿಗಳು. ಬೇಯ್ಲಿಗೆ ಮೂವತ್ತನಾಲ್ಕು ವರ್ಷ ತಡವಾಗಿಯಾದರೂ ಮಂಟಪ ಬಂತು. ಅವರಿಗೆ ಯಾವ ಅಣ್ಣತಮ್ಮಂದಿರ ಮಗನೂ ಕಲ್ಲು ನಿಲ್ಲಿಸಲಿಲ್ಲ. ಕಂಪನಿ ಅಧಿಕಾರಿಗಳ ಉಯಿಲುಗಳಲ್ಲಿ ಕಾಣುವ ಭಾರತೀಯ ಸಂಗಾತಿಯರು ಅದೇ ಅಧಿಕಾರಿಗಳ ಗೋರಿಕಲ್ಲುಗಳಲ್ಲಿ ಕಾಣುವುದು ಬಲು ಅಪರೂಪ. ಹೀಗಾಗಿ ಸ್ಮಶಾನದ ಚಿತ್ರಸಂಗ್ರಹವನ್ನು ಆ ಕಾಲದ ಜನಗಣತಿ ಎಂದುಕೊಂಡರೆ ಮೋಸಹೋದಂತೆ. ಅದು ಕಲ್ಲಿಗೆ ದುಡ್ಡಿದ್ದವರ ಪಟ್ಟಿ.

ಕನ್ನಡಿಗರಿಗೆ ಇದೇನೂ ಹೊಸ ಅನುಭವವಲ್ಲ. ಸತ್ತವರ ಹೆಸರು ಕಲ್ಲಿನಲ್ಲಿ ಓದುವ ಕೆಲಸ ಇಲ್ಲಿ ವೀರಗಲ್ಲು, ನಿಸಿದಿಗಲ್ಲುಗಳಿಂದಲೇ ಶುರುವಾದದ್ದು. ಅವೂ ನಿಂತಲ್ಲಿ ನಿಂತಿಲ್ಲ. ಕೆರೆಯ ಏರಿ ಸೇರಿದವು, ಬಟ್ಟೆ ಒಗೆಯುವ ಕಲ್ಲಾದವು, ದೇವಸ್ಥಾನದ ಹಿತ್ತಲಿಗೆ ಒರಗಿದವು. ಬೆಂಗಳೂರು ಎಂಬ ಹೆಸರು ಸಿಗುವ ಬೇಗೂರಿನ ಒಂಬತ್ತನೇ ಶತಮಾನದ ಶಾಸನವೂ ಕಾಳಗದಲ್ಲಿ ಸತ್ತವನೊಬ್ಬನ ನೆನಪಿನ ಕಲ್ಲೇ. ಅದನ್ನು ಒಬ್ಬರು ಬಗ್ಗಿ ಓದಿ ಬರೆದಿಡದೆ ಹೋಗಿದ್ದರೆ ಊರಿಗೆ ತನ್ನ ಹೆಸರಿನ ವಯಸ್ಸೇ ತಿಳಿಯುತ್ತಿರಲಿಲ್ಲ.

ಸೇಂಟ್ ಮೇರೀಸ್ ಅಂಗಳದಲ್ಲಿ ಈಗಲೂ ಜನ ಆ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟೇ ಚರ್ಚಿನೊಳಗೆ ಹೋಗುತ್ತಾರೆ. ಪ್ರತಿ ಹೆಜ್ಜೆಗೂ ಅಕ್ಷರ ಒಂದಿಷ್ಟು ಸವೆಯುತ್ತದೆ. ಸಂಜೆ ನಾಲ್ಕರ ಮೇಲೆ ಬಿಸಿಲು ಓರೆಯಾದಾಗ ಹೋದವರು, ಎಲಿಜಬೆತ್ ಬೇಕರ್‌ಳ ಹೆಸರನ್ನು ಇನ್ನೂ ಓದಬಹುದು.